ಗೋದಿಯೂ ಹಣಜಿಯೂ

ಒಬ್ಬ ಯಜಮಾನನು ತನ್ನ ಹೊಲದಲ್ಲಿ ಒಳ್ಳೆಯ ಗೋದಿಯ ಬೀಜವನ್ನು ಬಿತ್ತಿಸಿದನು. ಜನರೆಲ್ಲ ಮಲಗಿದ್ದ ಹೊತ್ತಿನಲ್ಲಿ ಅವನ ಹಗೆ ಬಂದು, ಅದೇ ಹೊಲದಲ್ಲಿ ಹಣಜಿಯನ್ನು ಚೆಲ್ಲಿ, ಬಂದ ಹಾದಿಯಲ್ಲಿಯೇ ಮರೆಯಾದನು. ಎರಡೂ ಒಟ್ಟಿಗೆ ಮೊಳೆತು, ಒಂದೇ ಮಳೆಯನ್ನು ಕುಡಿದು, ಒಂದೇ ಬಿಸಿಲನ್ನು ಉಂಡು, ತೆನೆಗಟ್ಟುವ ಕಾಲಕ್ಕೆ ಮಾತ್ರ ಒಂದರಿಂದೊಂದು ಬೇರೆಯಾಗಿ ಕಾಣಿಸಿಕೊಂಡಾಗ, ಆಳುಗಳು ಬೆರಗಾಗಿ ಈ ಕಳೆ ಎಲ್ಲಿಯದೆಂದು ಒಡೆಯನನ್ನು ಕೇಳಿದರು. ಅದು ವೈರಿಯ ಕೃತ್ಯವೆಂದು ತಿಳಿದೊಡನೆ, ಈಗಲೇ ಹೋಗಿ ಕಿತ್ತುಹಾಕುವ ಉತ್ಸಾಹವನ್ನೂ ತೋರಿದರು. ಒಡೆಯನು ಒಪ್ಪಲಿಲ್ಲ. ಕಳೆಯನ್ನು ಕೀಳುವ ಭರದಲ್ಲಿ ಪೈರೂ ಕಿತ್ತುಬಂದೀತೆಂದು ಹೇಳಿ, ಸುಗ್ಗಿಯ ತನಕ ಎರಡನ್ನೂ ಕೂಡಿ ಬೆಳೆಯಗೊಡಬೇಕೆಂದು ವಿಧಿಸಿದನು. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬರುವ ಈ ಸಾಮ್ಯವು ಮಾರ್ಕ, ಲೂಕ, ಯೋಹಾನರಲ್ಲಿ ಇಲ್ಲ. ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ 1945ರಲ್ಲಿ ದೊರೆತ ಪ್ರಾಚೀನ ಗ್ರಂಥಗಳೊಳಗಿನ ತೋಮನ ಸುವಾರ್ತೆಯಲ್ಲಿ ಇದರದೊಂದು ಸಂಕ್ಷಿಪ್ತ ರೂಪವುಂಟು. ಕೆಲವೇ ವಾಕ್ಯಗಳ ಈ ಕಥೆಯು ಕ್ರೈಸ್ತ ಚಿಂತನೆಯನ್ನು ಹದಿನೆಂಟು ಶತಮಾನಗಳಿಗೂ ಮೀರಿ ಕಾಡಿದೆ. ಇದರ ಅರ್ಥವೇನೆಂಬ ಜಿಜ್ಞಾಸೆಯ ಮೇಲೆ, ಉತ್ಪ್ರೇಕ್ಷೆಯಿಲ್ಲದೆ ಹೇಳುವುದಾದರೆ, ಮನುಷ್ಯರ ಪ್ರಾಣಗಳು ನಿಂತಿದ್ದ ಕಾಲಗಳೂ ಇದ್ದುವು.

ಮೊದಲು ಆ ಗಿಡದ ವಿಚಾರವನ್ನು ನೋಡುವುದು ಲೇಸು. ಗ್ರೀಕ್ ಮೂಲದ ‘ಜಿಜಾನಿಯ’ ಎಂಬ ಪದಕ್ಕೆ ಕನ್ನಡ ಬೈಬಲಿನ ಅನುವಾದಕರು ‘ಹಣಜಿ’ ಎಂಬ ಮಾತನ್ನು ಬಳಸಿದರು. ಮೂಲದಲ್ಲಿ ಉದ್ದಿಷ್ಟವಾದದ್ದು ಸಸ್ಯಶಾಸ್ತ್ರಜ್ಞರು ಲೋಲಿಯಂ ಟೆಮುಲೆಂಟಮ್ ಎಂದು ಕರೆಯುವ ಹುಲ್ಲೆಂಬುದು ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯ. ಆ ಹೆಸರಿನ ಎರಡನೆಯ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಮತ್ತೇರಿದುದು’ ಎಂದರ್ಥ. ಎಳೆಯದಾಗಿರುವಾಗ ಗೋದಿಯಿಂದ ಅದನ್ನು ಬೇರ್ಪಡಿಸಿ ಗುರುತಿಸುವುದು ಅನುಭವಿಗಳಿಗೂ ದುಸ್ಸಾಧ್ಯ. ಕಾಳುಗಟ್ಟಿದ ಮೇಲೆ ಗೋದಿಯ ತೆನೆ ಭಾರಕ್ಕೆ ಬಾಗುತ್ತದೆ, ಹಣಜಿಯ ತೆನೆ ಹಗುರಾಗಿ ನೆಟ್ಟಗೆ ನಿಲ್ಲುತ್ತದೆ. ಅದರ ಕಾಳಿನಲ್ಲಿ ಮನೆಮಾಡಿಕೊಳ್ಳುವ ಒಂದು ಬಗೆಯ ಶಿಲೀಂಧ್ರದ ದೆಸೆಯಿಂದ, ಹಿಟ್ಟಿನೊಡನೆ ಬೆರೆತರೆ ತಿಂದವರಿಗೆ ತಲೆಸುತ್ತು, ವಾಂತಿ, ಕಣ್ಣುಮಂಜುಗಳು ಉಂಟಾಗುತ್ತವೆ. ಅಂದಮೇಲೆ ಇದು ಕೇವಲ ನಿರುಪಯುಕ್ತವಾದ ಕಳೆಯಲ್ಲ, ಅನ್ನದ ವೇಷ ಧರಿಸಿದ ವಿಷ. ಅನ್ಯರ ಪೈರಿನೊಳಗೆ ಇದನ್ನು ಎರಚುವ ದ್ವೇಷಕೃತ್ಯವು ಕವಿಕಲ್ಪನೆಯೂ ಅಲ್ಲ. ಜಸ್ಟಿನಿಯನ್ ಚಕ್ರವರ್ತಿಯು 533ರಲ್ಲಿ ಪ್ರಕಟಿಸಿದ ರೋಮನ್ ನ್ಯಾಯಸಂಗ್ರಹದಲ್ಲಿ, ಪರರ ಬೆಳೆಯಲ್ಲಿ ಈ ಬೀಜವನ್ನು ಹಾಕಿ ಕೆಡಿಸಿದವನ ಹೊಣೆ ಯಾವುದೆಂಬ ಚರ್ಚೆಯೇ ಇದೆ.

ಕೃಷಿಕನಿಗೆ ಈ ಕಥೆಯಲ್ಲಿ ವಿಚಿತ್ರವಾಗಿ ತೋರುವುದು ವೈರಿಯ ಕೇಡಲ್ಲ, ಒಡೆಯನ ಅಪ್ಪಣೆ. ಬೇಸಾಯವೆಂದರೆ ಅರ್ಧಕ್ಕರ್ಧ ಕಳೆಯೊಡನೆ ನಡೆಸುವ ಹೋರಾಟ. ನಮ್ಮ ರಾಗಿಯ ಹೊಲದಲ್ಲಿಯೂ ಭತ್ತದ ಗದ್ದೆಯಲ್ಲಿಯೂ ಪೈರಿನ ರೂಪವನ್ನೇ ತಾಳಿ ಬೆಳೆಯುವ ಹುಲ್ಲುಗಳಿವೆ. ಎಡೆಕುಂಟೆ ಹೊಡೆದು, ಬಗ್ಗಿದ ಬೆನ್ನು ಎತ್ತದೆ ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಸುಗ್ಗಿಯವರೆಗೆ ಬಿಡಿರೆಂದು ಯಾರಾದರೂ ಹೇಳಿದರೆ ಅವರು ನಕ್ಕಾರು. ಪ್ರಥಮ ಶತಮಾನದ ಗಲಿಲಾಯದ ಕೇಳುಗರಿಗೂ ಇದು ಹಾಗೆಯೇ ಕೇಳಿಸಿರಬೇಕು. ಏಕೆಂದರೆ ಆ ಕಾಲದ ಧರ್ಮಾಕಾಂಕ್ಷೆಯೆಲ್ಲ ಬೇರ್ಪಡೆಯ ಕಡೆಗೇ ಮುಖಮಾಡಿತ್ತು. ಸ್ನಾನಿಕನಾದ ಯೋಹಾನನು ಬರಲಿರುವಾತನ ಕೈಯಲ್ಲಿ ಕಂಡದ್ದು ತೂರುವ ಮೊರವನ್ನು. ಮೃತಸಮುದ್ರದ ತೀರದ ಕುಮ್ರಾನಿನಲ್ಲಿ 1947ರಿಂದೀಚೆಗೆ ದೊರೆತ ಸುರುಳಿಗಳು, ಬೆಳಕಿನ ಮಕ್ಕಳು ಕತ್ತಲೆಯ ಮಕ್ಕಳಿಂದ ದೂರ ಸರಿದು ಬಾಳಬೇಕೆಂದು ವಿಧಿಸಿಕೊಂಡ ಒಂದು ಸಮುದಾಯದ ಕಥೆಯನ್ನು ಹೇಳುತ್ತವೆ. ತಮ್ಮನ್ನು ಬರಗೊಡದ ಸಮಾರ್ಯದ ಹಳ್ಳಿಯೊಂದರ ಮೇಲೆ ಆಕಾಶದಿಂದ ಬೆಂಕಿಯನ್ನು ಕರೆಯಲು ಹೊರಟವರು ಯೇಸುವಿನ ಆಪ್ತಶಿಷ್ಯರೇ ಆದ ಯಾಕೋಬ ಯೋಹಾನರು. ಇಂತಹ ಆತುರಕ್ಕೆ ಉತ್ತರವಾಗಿ ಬಂದುದು ಈ ಸಾಮ್ಯ. ಒಡೆಯನು ಬಳಸುವ ‘ಬಿಡಿರಿ’ ಎಂಬ ಗ್ರೀಕ್ ಕ್ರಿಯಾಪದವೇ ಕರ್ತನ ಪ್ರಾರ್ಥನೆಯಲ್ಲಿ ಪಾಪಗಳ ಕ್ಷಮೆಯನ್ನು ಬೇಡುವಲ್ಲಿಯೂ ಬರುತ್ತದೆಂಬುದನ್ನು ಮರೆಯಲಾಗದು.

ಇನ್ನೊಂದು ಸಂಗತಿಯತ್ತ ಓದುಗರ ಗಮನವನ್ನು ಸೆಳೆಯಬಯಸುತ್ತೇನೆ. ಮುಂದಿನ ವಿವಾದಗಳ ಬೀಗದಕೈ ಅಲ್ಲಿದೆ ಎಂಬುದು ನನ್ನ ನಂಬುಗೆ. ಜನರನ್ನು ಬೀಳ್ಕೊಟ್ಟು ಮನೆಯೊಳಗೆ ಬಂದ ಮೇಲೆ ಶಿಷ್ಯರ ಕೋರಿಕೆಯಂತೆ ಯೇಸು ಸಾಮ್ಯದ ಅರ್ಥವನ್ನು ಬಿಡಿಸಿ ಹೇಳುತ್ತಾನೆ: ಬಿತ್ತುವವನು ಮನುಷ್ಯಕುಮಾರ, ಹೊಲವು ಲೋಕ, ಒಳ್ಳೆಯ ಬೀಜವು ರಾಜ್ಯದ ಮಕ್ಕಳು, ಹಣಜಿ ಕೆಡುಕನ ಮಕ್ಕಳು, ವೈರಿ ಸೈತಾನ, ಸುಗ್ಗಿ ಯುಗದ ಸಮಾಪ್ತಿ, ಕೊಯ್ಯುವವರು ದೇವದೂತರು. ಎಲ್ಲಕ್ಕೂ ಒಂದೊಂದು ಹೆಸರಾಯಿತು. ಆದರೆ ಕಥೆಯಲ್ಲಿ ಅಷ್ಟು ಮಾತನಾಡಿದ ಆಳುಗಳು ಯಾರೆಂಬುದನ್ನು ಮಾತ್ರ ಆತನು ಹೇಳಲೇ ಇಲ್ಲ. ವಿವರಣೆಯಲ್ಲಿ ಅವರ ಸುಳಿವಿಲ್ಲ, ಅವರಿಗಿತ್ತ ಅಪ್ಪಣೆಯ ಪ್ರಸ್ತಾಪವೂ ಇಲ್ಲ. ಆ ಬರಿದಾದ ಸ್ಥಳದಲ್ಲಿ ಮುಂದಿನ ಪ್ರತಿಯೊಂದು ತಲೆಮಾರೂ ತನ್ನನ್ನು ನಿಲ್ಲಿಸಿಕೊಂಡಿತು. ತಾನು ಆಳೇ, ಕೊಯ್ಯುವವನೇ ಎಂಬುದನ್ನು ಪ್ರತಿಯೊಂದು ತಲೆಮಾರೂ ತಾನೇ ತೀರ್ಮಾನಿಸಿಕೊಳ್ಳಬೇಕಾಯಿತು.

ಈ ತೀರ್ಮಾನದ ಚರಿತ್ರೆ ರೋಮಿನಲ್ಲಿ ಮೂರನೆಯ ಶತಮಾನದ ಆರಂಭಕ್ಕೇ ತೊಡಗುತ್ತದೆ. ಸುಮಾರು 217ರಿಂದ 222ರವರೆಗೆ ಅಲ್ಲಿಯ ಬಿಷಪ್ಪನಾಗಿದ್ದ ಕಲ್ಲಿಸ್ತನು ಘೋರಪಾಪಗಳಲ್ಲಿ ಬಿದ್ದವರನ್ನೂ ಪಶ್ಚಾತ್ತಾಪದ ಮೇಲೆ ಸಭೆಯೊಳಕ್ಕೆ ಮರಳಿ ಸೇರಿಸಿಕೊಂಡನೆಂದೂ, ಅದಕ್ಕೆ ಹಣಜಿಯ ಸಾಮ್ಯವನ್ನೂ ಶುದ್ಧಾಶುದ್ಧ ಪ್ರಾಣಿಗಳೆರಡನ್ನೂ ಹೊತ್ತ ನೋಹನ ನಾವೆಯನ್ನೂ ಆಧಾರವಾಗಿ ತಂದನೆಂದೂ ನಮಗೆ ತಿಳಿಸುವವನು ಅವನ ಕಡುವಿರೋಧಿಯಾದ ಹಿಪ್ಪೊಲಿತನು. ದೂಷಣೆಯಾಗಿ ಬರೆದ ಆ ಮಾತು ಇಂದು ನಮ್ಮ ಕಣ್ಣಿಗೆ ಸ್ತುತಿಯಾಗಿ ಕಾಣುತ್ತದೆ. ಕಾರ್ತೇಜಿನ ಸಿಪ್ರಿಯಾನನೂ ಅದೇ ಶತಮಾನದಲ್ಲಿ, ಸಭೆಯೊಳಗೆ ಹಣಜಿ ಕಂಡಿತೆಂಬ ಕಾರಣಕ್ಕೆ ಸಭೆಯನ್ನೇ ತೊರೆಯಬಾರದೆಂದು ಉಪದೇಶಿಸಿದನು. ಆದರೆ ಪ್ರಶ್ನೆ ತನ್ನ ಪೂರ್ಣ ಗಾಂಭೀರ್ಯವನ್ನು ಪಡೆದದ್ದು ಉತ್ತರ ಆಫ್ರಿಕದ ದೊನಾತವಾದಿಗಳ ಕಲಹದಲ್ಲಿ.

303ರಲ್ಲಿ ಡಯಕ್ಲೀಷಿಯನ್ ಚಕ್ರವರ್ತಿಯು ಹಿಂಸಾಚಾರಕ್ಕೆ ತೊಡಗಿದಾಗ ಕೆಲವು ಬೋಧಕರು ಜೀವಭಯದಿಂದ ಪವಿತ್ರಗ್ರಂಥಗಳನ್ನು ಅಧಿಕಾರಿಗಳ ಕೈಗೊಪ್ಪಿಸಿದರು. ಹಿಂಸೆಯು ನಿಂತ ಮೇಲೆ, ಅಂತಹವರ ಹಸ್ತದಿಂದ ದೀಕ್ಷೆ ಪಡೆದ ಬಿಷಪ್ಪರು ನಿಜವಾಗಿಯೂ ಬಿಷಪ್ಪರೇ ಎಂಬ ಸಂಶಯವೆದ್ದು, ಕಾರ್ತೇಜಿನ ಸಭೆ ಎರಡು ಹೋಳಾಯಿತು. ತಾವೇ ಶುದ್ಧಸಭೆಯೆಂದವರಿಗೆ ಅವರ ನಾಯಕನಾದ ದೊನಾತನ ಹೆಸರು ಬಂದಿತು. ಒಂದು ಶತಮಾನ ಕಾಲ ಊರೂರಿನಲ್ಲಿ ಎರಡೆರಡು ಪೀಠಗಳು ಎದುರುಬದುರಾಗಿ ನಿಂತುವು. ಕಡೆಗೆ 411ರಲ್ಲಿ, ಮಾರ್ಸೆಲ್ಲಿನನೆಂಬ ರಾಜಾಧಿಕಾರಿಯ ಅಧ್ಯಕ್ಷತೆಯಲ್ಲಿ, ಒಂದೊಂದು ಪಕ್ಷದಿಂದ 300ಕ್ಕೆ ಸಮೀಪವಾದ ಬಿಷಪ್ಪರು ಕಾರ್ತೇಜಿನಲ್ಲಿ ಮಹಾವಾದಕ್ಕೆ ಕೂಡಿದರು. ಹಿಪ್ಪೋ ಪಟ್ಟಣದ ಬಿಷಪ್ಪನಾದ ಅಗಸ್ತೀನನು, ಸಭೆಯು ಗೋದಿ ಹಣಜಿಗಳೆರಡೂ ಬೆಳೆಯುವ ಹೊಲವಾಗಿದ್ದು, ಅಂತಿಮ ಸುಗ್ಗಿಗೆ ಮುಂಚೆ ಅದನ್ನು ಶುದ್ಧಮಾಡಿದೆವೆಂದು ಹೇಳಿಕೊಳ್ಳುವುದು ಮನುಷ್ಯನ ಅಹಂಕಾರವೆಂದು ವಾದಿಸಿದನು. ದೊನಾತವಾದಿಗಳ ಪ್ರತ್ಯುತ್ತರವು ತೀಕ್ಷ್ಣವಾಗಿತ್ತು: ಪ್ರಭುವು ತಾನೇ ಹೊಲವೆಂದರೆ ಲೋಕವೆಂದು ಸ್ಪಷ್ಟವಾಗಿ ನುಡಿದಿರುವಾಗ ಅದನ್ನು ಸಭೆಯೆನ್ನಲು ನೀವಾರು?

ಅಕ್ಷರಾರ್ಥದಲ್ಲಿ ಗೆಲುವು ದೊನಾತವಾದಿಗಳದೆಂಬುದನ್ನು ಪಕ್ಷಪಾತವಿಲ್ಲದೆ ಒಪ್ಪಬೇಕು. ಆದರೆ ಮನುಷ್ಯಸ್ವಭಾವದ ಅರಿವಿನಲ್ಲಿ ಅಗಸ್ತೀನನೇ ಹೆಚ್ಚು ಆಳಕ್ಕಿಳಿದವನು. ಇಂದು ಹಣಜಿಯಂತೆ ಕಾಣುವವನು ನಾಳೆ ಗೋದಿಯಾಗಬಹುದೆಂದು ಅವನು ಹೇಳುವಾಗ, ಯೌವನದಲ್ಲಿ ಹಾದಿತಪ್ಪಿ ಅಲೆದು ತಾಯಿ ಮೋನಿಕಳ ಕಣ್ಣೀರಿಗೆ ಕಾರಣನಾದ ಮಗನ ಅನುಭವವೇ ಅಲ್ಲಿ ಮಾತನಾಡುತ್ತದೆ. ಗಿಡದ ವಿಷಯದಲ್ಲಿ ಅಸಂಭವವಾದದ್ದು ಮನುಷ್ಯನ ವಿಷಯದಲ್ಲಿ ಸಂಭವ. ಆದುದರಿಂದಲೇ ಮನುಷ್ಯನ ಮೇಲೆ ಕೈಮಾಡುವ ಮುನ್ನ ಕಾಯಬೇಕಾಗುತ್ತದೆ. 413ರಿಂದ 426ರವರೆಗೆ ಬರೆದ ‘ದೇವರ ನಗರ’ವೆಂಬ ಮಹಾಗ್ರಂಥದಲ್ಲಿ ಅವನು ಈ ದರ್ಶನವನ್ನು ಸಮಸ್ತ ಚರಿತ್ರೆಗೂ ವಿಸ್ತರಿಸಿ, ದೈವಪ್ರೇಮದ ನಗರವೂ ಆತ್ಮಪ್ರೇಮದ ನಗರವೂ ಕಾಲದ ಅಂತ್ಯದವರೆಗೆ ಹೆಣೆದುಕೊಂಡೇ ಸಾಗುವುವೆಂದು ಪ್ರತಿಪಾದಿಸಿದನು. ಹೀಗಿದ್ದೂ, ದುಃಖದ ಸಂಗತಿಯೆಂದರೆ, ಇದೇ ಅಗಸ್ತೀನನು ದೊನಾತವಾದಿಗಳ ಮೇಲೆ ರಾಜಶಕ್ತಿಯ ಪ್ರಯೋಗವನ್ನು ಕ್ರಮೇಣ ಸಮರ್ಥಿಸಿದನು. 408ರ ಸುಮಾರಿಗೆ ವಿನ್ಸೆಂತನೆಂಬವನಿಗೆ ಬರೆದ ಪತ್ರದಲ್ಲಿ ತನ್ನ ಅಭಿಪ್ರಾಯ ಬದಲಾದುದನ್ನು ಮುಚ್ಚಿಡದೆ ಹೇಳಿಕೊಂಡನು. ಅದಕ್ಕೂ ಮೊದಲೇ ಇನ್ನೊಂದು ಗ್ರಂಥದಲ್ಲಿ, ಹಣಜಿಯು ನಿಸ್ಸಂಶಯವಾಗಿ ಗುರುತಾಗಿ, ಗೋದಿಗೆ ಅಪಾಯವಿಲ್ಲವೆಂದು ಖಚಿತವಾದಲ್ಲಿ ಶಿಸ್ತು ನಿದ್ರಿಸಬೇಕಾಗಿಲ್ಲವೆಂಬ ಒಂದು ಉಪವಾಕ್ಯವನ್ನು ಸೇರಿಸಿದ್ದನು. ಆ ಉಪವಾಕ್ಯವು ಮುಂದೆ ಎಷ್ಟು ಬಾಗಿಲುಗಳನ್ನು ತೆರೆಯಲಿತ್ತೆಂಬುದನ್ನು ಅವನು ಊಹಿಸಿರಲಾರನು.

ಕೇಡು ಎಲ್ಲಿಂದ ಬಂದಿತೆಂಬ ಆಳುಗಳ ಮೊದಲ ಪ್ರಶ್ನೆಯೂ ಅಗಸ್ತೀನನನ್ನು ಬಿಡದೆ ಕಾಡಿದುದೇ. ಒಂಬತ್ತು ವರ್ಷಗಳ ಕಾಲ ಅವನು ಅನುಸರಿಸಿದ ಮಾನಿಯ ಮತವು, ಬೆಳಕು ಕತ್ತಲೆಗಳೆಂಬ ಎರಡು ಅನಾದಿ ತತ್ತ್ವಗಳನ್ನು ಒಪ್ಪಿಕೊಂಡು ಇದಕ್ಕೆ ಸುಲಭವಾದ ಉತ್ತರವನ್ನು ಕೊಟ್ಟಿತ್ತು. ಅದನ್ನು ತೊರೆದ ಮೇಲೆ, ಕೇಡಿಗೆ ಸ್ವಂತ ಸತ್ತೆಯಿಲ್ಲ, ಕತ್ತಲೆಯು ಬೆಳಕಿನ ಅಭಾವವಾಗಿರುವಂತೆ ಅದು ಒಳಿತಿನ ಅಭಾವವೆಂಬ ಸಿದ್ಧಾಂತಕ್ಕೆ ಬಂದನು. ಸಾಮ್ಯದ ಕ್ರಮವನ್ನು ನೋಡಿದರೆ ಈ ಮಾತಿಗೆ ಪುಷ್ಟಿ ದೊರೆಯುತ್ತದೆ: ಒಳ್ಳೆಯ ಬೀಜವೇ ಮೊದಲು ಬಿದ್ದುದು, ವೈರಿಗೆ ಸ್ವಂತ ಹೊಲವಿಲ್ಲ, ಬಿತ್ತಬೇಕಾದರೆ ಅವನು ಅನ್ಯರ ನೆಲಕ್ಕೇ ಬರಬೇಕು. ಆದರೂ ವೈರಿಗೆ ಆ ರಾತ್ರಿ ಏಕೆ ಎಡೆ ದೊರೆಯಿತೆಂಬುದಕ್ಕೆ ಕಥೆಯಲ್ಲಿ ಸಮಾಧಾನವಿಲ್ಲ. ಯಾರೆಂದು ಒಡೆಯನು ಹೇಳುತ್ತಾನೆ, ಏಕೆಂದು ಹೇಳುವುದಿಲ್ಲ.

ಪೂರ್ವದ ಸಭೆಯಲ್ಲಿ ಜಾನ್ ಕ್ರಿಸೊಸ್ತೊಮನು ಮತ್ತಾಯನ ಮೇಲಿನ ಉಪನ್ಯಾಸಗಳಲ್ಲಿ, ಪಾಷಂಡಿಗಳ ಸಭೆಗಳನ್ನು ತಡೆಯಬಹುದಾದರೂ ಅವರನ್ನು ಕೊಲ್ಲಕೂಡದೆಂದೂ, ಕೊಂದರೆ ಲೋಕದಲ್ಲಿ ಶಮನವಿಲ್ಲದ ಸಮರವೇ ಉಂಟಾಗುವುದೆಂದೂ ಈ ಸಾಮ್ಯವನ್ನು ಹಿಡಿದೇ ಹೇಳಿದನು. ಪಶ್ಚಿಮದಲ್ಲಿ ಹನ್ನೊಂದನೆಯ ಶತಮಾನದ ಲಿಯೇಜಿನ ಬಿಷಪ್ ವಾಜೋ ಸ್ಮರಣೀಯನು. ತನ್ನ ಸೀಮೆಯ ಪಾಷಂಡಿಗಳನ್ನು ಲೌಕಿಕ ಖಡ್ಗಕ್ಕೊಪ್ಪಿಸಬಹುದೇ ಎಂದು ಶಾಲೋನಿನ ಬಿಷಪ್ಪನು ಕೇಳಿದ ಪ್ರಶ್ನೆಗೆ ಅವನು ಹಣಜಿಯ ಕಥೆಯನ್ನೇ ಉತ್ತರವಾಗಿ ಕಳುಹಿಸಿ, ಬಿಷಪ್ಪನಿಗೆ ಅಭಿಷೇಕವಾಗುವುದು ಕೊಲ್ಲಲೆಂದಲ್ಲ, ಬದುಕಿಸಲೆಂದು ನೆನಪಿಸಿದನು. ಅವನ ಮಾತು ಅರಣ್ಯರೋದನವಾಯಿತು. 1022ರಲ್ಲಿಯೇ ಓರ್ಲೆಯಾನಿನಲ್ಲಿ ಚಿತೆ ಉರಿದಿತ್ತು. ವಾಜೋ ತೀರಿಕೊಂಡ ಮೂರು ವರ್ಷಗಳಲ್ಲಿ, 1051ರಲ್ಲಿ, ಗೊಸ್ಲಾರಿನಲ್ಲಿ ಪಾಷಂಡಿಗಳನ್ನು ಗಲ್ಲಿಗೇರಿಸಲಾಯಿತು. ಹದಿಮೂರನೆಯ ಶತಮಾನದಲ್ಲಿ ವಿಚಾರಣಾಪೀಠಗಳು ಸ್ಥಿರವಾದುವು. ಆ ಯುಗದ ಅತ್ಯುನ್ನತ ಬುದ್ಧಿಯಾದ ಥಾಮಸ್ ಅಕ್ವಿನಾಸನು, ಅಗಸ್ತೀನನ ಆ ಉಪವಾಕ್ಯವನ್ನೇ ಆಶ್ರಯಿಸಿ, ಗೋದಿಗೆ ಹಾನಿಯಿಲ್ಲದೆಡೆಯಲ್ಲಿ ಹಣಜಿಯನ್ನು ಕೀಳುವುದು ಪ್ರಭುವಿನ ಆಜ್ಞೆಗೆ ವಿರುದ್ಧವಲ್ಲವೆಂದು ತೀರ್ಮಾನಿಸಿದನು. ಹಾನಿಯಿಲ್ಲವೆಂದು ನಿರ್ಣಯಿಸುವವರಾರು? ಆಳುಗಳೇ. ಒಡೆಯನು ಅವರಿಂದ ಹಿಂತೆಗೆದುಕೊಂಡ ಅಧಿಕಾರವು ತರ್ಕದ ಹಿಂಬಾಗಿಲಿನಿಂದ ಮತ್ತೆ ಅವರ ಕೈಸೇರಿತು.

ಸುಧಾರಣೆಯ ಯುಗದಲ್ಲಿಯಾದರೂ ಇದು ತಿದ್ದಿಕೊಂಡಿತೆಂದು ಹೇಳಲು ಮನಸ್ಸು ಬಯಸುತ್ತದೆ, ಸತ್ಯವು ಬಿಡುವುದಿಲ್ಲ. ಮಾರ್ಟಿನ್ ಲೂಥರನು 1525ರ ಪ್ರವಚನದಲ್ಲಿ ನಂಬಿಕೆಯನ್ನು ಖಡ್ಗದಿಂದ ಹುಟ್ಟಿಸಹೊರಡುವುದು ಎಂತಹ ಹುಚ್ಚೆಂದು ಈ ಸಾಮ್ಯದಿಂದಲೇ ತೋರಿಸಿದನು. ಹನ್ನೆರಡು ವರ್ಷ ಕಳೆಯುವ ಮೊದಲೇ ಪುನರ್ದೀಕ್ಷಾವಾದಿಗಳ ದಂಡನೆಗೆ ಸಮ್ಮತಿಯನ್ನಿತ್ತನು. ಜಿನೀವಾದಲ್ಲಿ ಪರಿಸ್ಥಿತಿ ಇನ್ನೂ ಘೋರವಾಯಿತು. ತ್ರಯೈಕ್ಯ ತತ್ತ್ವವನ್ನೂ ಶಿಶುದೀಕ್ಷೆಯನ್ನೂ ನಿರಾಕರಿಸಿದ ಸ್ಪೇನಿನ ವೈದ್ಯ ಮಿಖಾಯೆಲ್ ಸೆರ್ವೇತನು, ಫ್ರಾನ್ಸಿನ ವಿಚಾರಣಾಪೀಠದಿಂದ ತಪ್ಪಿಸಿಕೊಂಡು ಅಲ್ಲಿಗೆ ಬಂದು ಸೆರೆಸಿಕ್ಕಿದನು; ಜಾನ್ ಕ್ಯಾಲ್ವಿನನು ಅವನ ವಿರುದ್ಧ ಆರೋಪವನ್ನು ಸಿದ್ಧಪಡಿಸಿದನು; 1553ರ ಅಕ್ಟೋಬರ್ 27ರಂದು ನಗರದ ಹೊರಗಣ ಶಾಂಪೆಲ್ ಎಂಬಲ್ಲಿ ಸೆರ್ವೇತನನ್ನು ಸಜೀವವಾಗಿ ಸುಡಲಾಯಿತು. ಬೆಂಕಿಯ ಬದಲು ಶಿರಚ್ಛೇದವಾಗಲಿ ಎಂದು ಕ್ಯಾಲ್ವಿನನು ಕೇಳಿದುದುಂಟು; ಮರಣದಂಡನೆಯೇ ಬೇಡವೆಂದು ಕೇಳಲಿಲ್ಲ. ಯಾವ ಪೀಠಗಳು ತನ್ನವರನ್ನು ಹಣಜಿಯೆಂದು ಸುಟ್ಟುವೋ ಅವೇ ಪೀಠಗಳ ನ್ಯಾಯವನ್ನು ಹೊಸ ಸಭೆಯು ಎರವಲು ಪಡೆಯಿತು.

ಮರುವರ್ಷ, 1554ರಲ್ಲಿ, ಬಾಸೆಲ್ ನಗರದಿಂದ ಒಂದು ಪುಸ್ತಕ ಹೊರಬಂದಿತು. ಪಾಷಂಡಿಗಳನ್ನು ಹಿಂಸಿಸಬೇಕೇ ಎಂಬುದು ಅದರ ಶೀರ್ಷಿಕೆಯ ಪ್ರಶ್ನೆ. ಮುನ್ನುಡಿಯ ಕೆಳಗೆ ಮಾರ್ಟಿನ್ ಬೆಲ್ಲಿಯಸ್ ಎಂಬ ಹೆಸರಿದ್ದರೂ ಅದರ ಹಿಂದೆ ಇದ್ದವನು, ಒಂದು ಕಾಲದಲ್ಲಿ ಜಿನೀವಾದ ಶಾಲೆಯಲ್ಲಿ ಪಾಠ ಹೇಳಿ, ಅನಂತರ ಬಾಸೆಲಿನಲ್ಲಿ ಗ್ರೀಕ್ ಅಧ್ಯಾಪಕನಾದ ಸೆಬಾಸ್ಟಿಯನ್ ಕ್ಯಾಸ್ಟೆಲಿಯೋ. ಕ್ರಿಸೊಸ್ತೊಮ, ಅಗಸ್ತೀನ, ಎರಾಸ್ಮಸ್, ಲೂಥರ್, ಅಷ್ಟೇಕೆ ಕ್ಯಾಲ್ವಿನನ ಹಳೆಯ ಮಾತುಗಳನ್ನೇ ಅವನು ಸಾಲಾಗಿ ನಿಲ್ಲಿಸಿ, ದುರ್ಬಲರಾಗಿದ್ದಾಗ ನೀವೆಲ್ಲರೂ ಹೇಳಿದುದನ್ನು ಪ್ರಬಲರಾದಾಗ ಏಕೆ ಮರೆತಿರೆಂದು ಮೌನವಾಗಿ ಪ್ರಶ್ನಿಸಿದನು. ತನ್ನ ಅಭಿಪ್ರಾಯಕ್ಕೊಪ್ಪದವನನ್ನೇ ಜನರು ಪಾಷಂಡಿಯೆಂದು ಕರೆಯುತ್ತಾರೆಂಬ ಅವನ ಶೋಧನೆಯು ಹಣಜಿಯ ಪ್ರಶ್ನೆಯ ಮರ್ಮಕ್ಕೇ ನಾಟುತ್ತದೆ. ಕನ್ನಡಿಗರಿಗೆ ಬಾಸೆಲ್ ಎಂಬ ಹೆಸರು ಪರಕೀಯವಲ್ಲ: 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನ್ನು ಅದೇ ಊರಿನದು, ಕಿಟ್ಟೆಲರ 1894ರ ನಿಘಂಟು ಆ ಮಿಷನ್ನಿನ ಫಲ. ಅದೇ ಊರಿನಲ್ಲಿ ಅದಕ್ಕೂ ಮೂರು ಶತಮಾನಗಳ ಹಿಂದೆ ಬಡ ಅಧ್ಯಾಪಕನೊಬ್ಬನು ಪ್ರಾಣಕ್ಕೆರವಾಗುವ ಧೈರ್ಯದಿಂದ ಹಿಡಿದ ಈ ದೀಪವನ್ನು ನಮ್ಮವರಲ್ಲಿ ಬಲ್ಲವರು ವಿರಳ.

ಮುಂದಿನ ಹೆಜ್ಜೆ ಅಟ್ಲಾಂಟಿಕ್ ಸಾಗರದಾಚೆಯದು. ಮಸಾಚುಸೆಟ್ಸ್ ವಸಾಹತುವಿನಿಂದ ಬಹಿಷ್ಕೃತನಾಗಿ 1636ರಲ್ಲಿ ಪ್ರಾವಿಡೆನ್ಸ್ ಊರನ್ನು ಸ್ಥಾಪಿಸಿದ ರೋಜರ್ ವಿಲಿಯಮ್ಸನು, 1644ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೊಲವೆಂದರೆ ಲೋಕವೆಂಬ ದೊನಾತವಾದಿಗಳ ಹಳೆಯ ವಾದವನ್ನೇ ಎತ್ತಿಕೊಂಡು ಅದಕ್ಕೆ ಹೊಸ ದಿಕ್ಕನ್ನು ತೋರಿಸಿದನು: ಹೊಲವು ಲೋಕವಾದುದರಿಂದಲೇ ಲೋಕದ ರಾಜ್ಯಗಳಲ್ಲಿ ಎಲ್ಲ ಮತದವರೂ, ಮತವಿಲ್ಲದವರೂ, ನಿರ್ಭಯವಾಗಿ ಬಾಳಲು ಹಕ್ಕುಳ್ಳವರು; ಸಭೆಯು ತನ್ನ ತೋಟವನ್ನು ಬೇಕಾದರೆ ತಾನೇ ಹಸನುಮಾಡಿಕೊಳ್ಳಲಿ, ದೊರೆಯ ಕತ್ತಿಯನ್ನು ಮಾತ್ರ ಕರೆಯದಿರಲಿ. ಇಂಗ್ಲೆಂಡಿನ ಸಂಸತ್ತು ಆ ಪುಸ್ತಕವನ್ನು ಸುಡಲು ಆಜ್ಞೆಮಾಡಿತು. ಅದೇ ವರ್ಷ ಜಾನ್ ಮಿಲ್ಟನನು ಮುದ್ರಣಸ್ವಾತಂತ್ರ್ಯವನ್ನು ಕುರಿತ ತನ್ನ ಪ್ರಬಂಧದಲ್ಲಿ, ಒಳಿತು ಕೆಡುಕುಗಳು ಒಟ್ಟಿಗೆ ಬೆಳೆಯುವುದನ್ನೇ ಆಧಾರವಾಗಿಟ್ಟುಕೊಂಡು, ಕೆಡುಕಿನ ಪರಿಚಯವಿಲ್ಲದ ಸದ್ಗುಣವು ಪರೀಕ್ಷೆಗೊಳಗಾಗದ ಸದ್ಗುಣವೆಂದು ವಾದಿಸಿದನು.

ಹೊಲವು ಸಭೆಯೇ, ಲೋಕವೇ ಎಂಬ ಈ ವಿವಾದದ ಪಕ್ಕದಲ್ಲಿಯೇ ಇನ್ನೊಂದು ಧಾರೆ ಮೆಲ್ಲನೆ ಹರಿಯುತ್ತ ಬಂದಿದೆ. ಮೂರನೆಯ ಶತಮಾನದ ಓರಿಗೆನನು ಈ ಬಿತ್ತನೆಯನ್ನು ಮನುಷ್ಯನ ಆತ್ಮದಲ್ಲಿಯೂ ಕಂಡನು. ನಾವು ಎಚ್ಚರದಪ್ಪಿದ ಗಳಿಗೆಯಲ್ಲಿ ವೈರಿಯು ಅಲ್ಲಿಯೂ ದುರಭಿಪ್ರಾಯಗಳನ್ನು ಬಿತ್ತುತ್ತಾನೆಂದನು. ಮನುಷ್ಯನು ಏಕಕಾಲದಲ್ಲಿ ನೀತಿವಂತನೂ ಪಾಪಿಯೂ ಹೌದೆಂಬ ಲೂಥರನ ಸೂತ್ರವು ಇದರ ಬಂಧು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ರೈನ್‌ಹೋಲ್ಡ್ ನೀಬುರನು ಇದೇ ಸಾಮ್ಯದ ಮೇಲಿನ ಪ್ರವಚನದಲ್ಲಿ ಮನುಷ್ಯನ ಸೃಷ್ಟಿಶೀಲತೆಯೂ ಸ್ವಾರ್ಥವೂ ಒಂದೇ ಬೇರಿನ ಸುತ್ತ ತೊಡರಿಕೊಂಡಿರುವುದನ್ನು ತೋರಿಸಿದನು. ಫ್ರಾನ್ಸಿನ ಜಾಕ್ ಮಾರಿತೇನನು 1957ರ ತನ್ನ ಚರಿತ್ರೆಯ ತತ್ತ್ವಶಾಸ್ತ್ರದಲ್ಲಿ, ಕಾಲ ಮುಂದುವರಿದಂತೆ ಒಳಿತೊಂದೇ ಬೆಳೆಯುವುದಿಲ್ಲ, ಕೆಡುಕೊಂದೇ ಬೆಳೆಯುವುದಿಲ್ಲ, ಎರಡೂ ಜತೆಜತೆಯಾಗಿ ಬಲಗೊಳ್ಳುತ್ತವೆಂಬ ನಿಯಮವನ್ನು ಇದರಿಂದಲೇ ತೆಗೆದನು. ಎರಡು ಮಹಾಯುದ್ಧಗಳನ್ನು ಕಂಡ ತಲೆಮಾರಿಗೆ ಇದು ನಿರಾಶೆಯ ಮಾತಾಗಿ ಕೇಳಿಸಲಿಲ್ಲ, ಕಣ್ಣೆದುರಿನ ಸತ್ಯವಾಗಿ ಕೇಳಿಸಿತು.

ಇಷ್ಟಾಗಿಯೂ ಒಂದು ಆಕ್ಷೇಪವನ್ನು ತಳ್ಳಿಹಾಕಲಾಗದು. ಸುಗ್ಗಿಯವರೆಗೆ ಕಾಯಿರೆಂಬ ಮಾತು ತುಳಿತಕ್ಕೊಳಗಾದವನ ಕಿವಿಗೆ ಹೇಗೆ ಕೇಳಿಸೀತು? ದೊಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಇವಾನನು, ಒಂದೇ ಒಂದು ಮಗುವಿನ ಕಣ್ಣೀರನ್ನು ಬೆಲೆಯಾಗಿ ತೆತ್ತು ಕೊಳ್ಳಬೇಕಾದ ಅಂತಿಮ ಸಾಮರಸ್ಯವು ತನಗೆ ಬೇಡವೆಂದು ಹಿಂದಿರುಗಿಸುತ್ತಾನೆ. ಕ್ರೈಸ್ತನೇ ಬರೆದ ಆ ಪುಟಗಳಿಗೆ ಸಮನಾದ ಆಕ್ಷೇಪವನ್ನು ನಾಸ್ತಿಕರೂ ಬರೆದಿಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಸೆರೆಮನೆಯಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರವು ಉತ್ತರವಿತ್ತದ್ದು, ತಾಳ್ಮೆಯಿಂದ ಕಾಯಿರೆಂದು ಬುದ್ಧಿಹೇಳಿದ ಧರ್ಮಬೋಧಕರಿಗೇ. ಹಿಟ್ಲರನನ್ನು ಉರುಳಿಸುವ ಸಂಚಿನಲ್ಲಿ ಕೂಡಿದ ಪಾದ್ರಿ ದೀತ್ರಿಕ್ ಬಾನ್‌ಹಾಫರನು 1945ರ ಏಪ್ರಿಲ್ 9ರಂದು ಫ್ಲೋಸನ್‌ಬುರ್ಗಿನಲ್ಲಿ ನೇಣಿಗೇರಿದನು. ಇವರಾರೂ ಸಾಮ್ಯವನ್ನು ಉಲ್ಲಂಘಿಸಿದವರೆಂದು ನನಗೆ ತೋರುವುದಿಲ್ಲ. ಒಡೆಯನು ನಿಷೇಧಿಸಿದುದು ಮನುಷ್ಯರನ್ನು ಬೇರುಸಹಿತ ಕಿತ್ತೊಗೆಯುವ ತೀರ್ಪನ್ನು. ಕಾವಲನ್ನಲ್ಲ, ಎಚ್ಚರವನ್ನಲ್ಲ, ಪೈರಿಗೆ ನೀರೆರೆಯುವುದನ್ನಲ್ಲ. ವೈರಿಯು ಬಂದುದು ಜನರು ಮಲಗಿದ್ದಾಗ ಎಂಬ ವಿವರವನ್ನು ಕಥೆಯು ಸುಮ್ಮನೆ ಹೇಳಿಲ್ಲ. ಹಣಜಿಯನ್ನು ಗೋದಿಯೆಂದು ಕರೆಯಬೇಕೆಂದೂ ಅದು ಎಲ್ಲಿಯೂ ಹೇಳಿಲ್ಲ. ಕಿಂಗ್ ಕಿತ್ತುಹಾಕಲು ಹೊರಟದ್ದು ಒಂದು ಅನ್ಯಾಯವಾದ ಕಟ್ಟಳೆಯನ್ನು; ತನ್ನನ್ನು ಸೆರೆಗಟ್ಟಿದವರನ್ನು ಅವನು ಗೋದಿಯಾಗಬಲ್ಲವರೆಂದೇ ಕಂಡನು. ಬಾನ್‌ಹಾಫರನ ನಿದರ್ಶನವು ಇದಕ್ಕಿಂತ ಕಠಿನ: ಅಲ್ಲಿ ಒಬ್ಬ ಮನುಷ್ಯನ ಮೇಲೆಯೇ ಕೈಯೆತ್ತಬೇಕಾಗಿತ್ತು. ಆದರೆ ಅವನು ಆ ಕೃತ್ಯವನ್ನು ಪುಣ್ಯವೆಂದು ಕರೆಯದೆ, ಅದರ ದೋಷವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡೇ ದೇವರ ಮುಂದೆ ನಿಂತನು. ಪಾಷಂಡಿಗಳನ್ನು ಸುಟ್ಟವರಲ್ಲಿ ನಾನು ಕಾಣದಿರುವುದು ಈ ನಡುಕವನ್ನೇ.

1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ, ಕ್ರಿಸ್ತನು ಬಲಾತ್ಕಾರವನ್ನು ತೊರೆದನೆಂಬುದಕ್ಕೆ ಹಣಜಿಯನ್ನು ಸುಗ್ಗಿಯವರೆಗೆ ಬಿಡಹೇಳಿದ ಈ ಸಾಮ್ಯವನ್ನೇ ಸಾಕ್ಷ್ಯವಾಗಿ ತಂದಿತು. ವಾಜೋನ ಪತ್ರಕ್ಕೆ ಅಧಿಕೃತವಾದ ಮನ್ನಣೆ ದೊರೆಯಲು ಒಂಬತ್ತು ಶತಮಾನಗಳು ಬೇಕಾದುವು. ಜಿನೀವಾದವರು ಅದಕ್ಕೂ ಮೊದಲೇ ತಮ್ಮ ಋಣವನ್ನು ಒಪ್ಪಿಕೊಂಡಿದ್ದರು. ಶಾಂಪೆಲಿನಲ್ಲಿ ಸೆರ್ವೇತನು ಬೆಂದ ಸ್ಥಳದ ಸಮೀಪದಲ್ಲಿ ಇಂದು ಒಂದು ಒರಟುಕಲ್ಲಿನ ಸ್ಮಾರಕ ನಿಂತಿದೆ. ಅದನ್ನು 1903ರಲ್ಲಿ, ಆ ದಹನದ 350ನೆಯ ವರ್ಷದಲ್ಲಿ, ಪ್ರಾಯಶ್ಚಿತ್ತವಾಗಿ ನಿಲ್ಲಿಸಿದವರು ಕ್ಯಾಲ್ವಿನನ ಅನುಯಾಯಿಗಳೇ.